ಕ್ಯಾಲ್ಕುಲೇಟರ್ ವಾಚ್ ತಗೊಳ್ಳೋಣವಾ? ಯಾರಿಗೆ ಯಾವುದು ಸರಿ

ಶಿರಸಿಯಲ್ಲಿ ನಮ್ಮದೊಂದು ಟೈಲ್ಸ್ ಅಂಗಡಿ. ನಮ್ಮ ಕೆಲಸದಲ್ಲಿ ಲೆಕ್ಕ ಬರುವುದು ಹೆಚ್ಚಾಗಿ ಮೊಣಕಾಲೂರಿ ಕೂತಾಗ. ಎಡಗೈಯಲ್ಲಿ ಟೇಪಿನ ತುದಿ, ಬಲಗೈಗೆಲ್ಲ ಸಿಮೆಂಟ್ ಧೂಳು, ಹೊರಗೆ ಜಡಿಮಳೆ. ಕೋಣೆ ಹನ್ನೊಂದೂವರೆ ಅಡಿ ಅಗಲ, ಹದಿಮೂರೂಕಾಲು ಅಡಿ ಉದ್ದ. "ಎಷ್ಟು ಬಾಕ್ಸ್ ಬೇಕಾಗ್ತದೆ?" ಅಂತ ಮನೆಯ ಯಜಮಾನರು ಬಾಗಿಲಲ್ಲೇ ನಿಂತು ಕೇಳುತ್ತಾರೆ. ಮೊಬೈಲ್ ಪ್ಯಾಂಟಿನ ಜೇಬಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇರುತ್ತದೆ. ತೆಗೆಯಬೇಕೆಂದರೆ ಎದ್ದು ನಿಲ್ಲಬೇಕು, ಕೈ ಒರೆಸಬೇಕು.

ನಾನು ಎಡಗೈಯ ವಾಚಿನ ಮೇಲೆ 11.5 × 13.25 ಅಂತ ಒತ್ತುತ್ತೇನೆ. 152.375 ಚದರ ಅಡಿ. ಎರಡಡಿಗೆ ಎರಡಡಿಯ ಟೈಲ್ಸ್ ಆದರೆ ನಾಲ್ಕರಿಂದ ಭಾಗಿಸಿದರೆ 38 ಚಿಲ್ಲರೆ. ಕಟಿಂಗ್, ಒಡಕು ಅಂತ ಶೇಕಡಾ 10 ವೇಸ್ಟೇಜ್ ಸೇರಿಸಲು ಅದಕ್ಕೇ 1.1 ಗುಣಿಸಿದರೆ 41.9. ಅಂದರೆ 42 ಟೈಲ್ಸ್. ಬಾಕ್ಸಿಗೆ ನಾಲ್ಕು ಬಂದರೆ 11 ಬಾಕ್ಸ್. ಟೇಪು ಇನ್ನೂ ಕೈಯಲ್ಲೇ ಇರುತ್ತದೆ.

ಇದನ್ನು ನೋಡಿದವರಲ್ಲಿ ಅರ್ಧ ಜನ "ಎಲ್ಲಿ ಸಿಗ್ತದೆ ಇದು, ನನಗೂ ಬೇಕಿತ್ತು" ಅನ್ನುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ನಾನು ಬೇಡ ಅಂತಲೇ ಹೇಳಿದ್ದೇನೆ. ಯಾಕೆ, ಮತ್ತೆ ಯಾರಿಗೆ ಬೇಕು ಅಂದಿದ್ದೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಕಣದಲ್ಲಿ ಇರುವವರು

ಈ ವಾಚಿನ ಹುಚ್ಚು ಹೊಸದಲ್ಲ. 1975ರಲ್ಲಿ ಅಮೆರಿಕದ ಪಲ್ಸರ್ ಮೊದಲ ಸಾಲಿನ ಕ್ಯಾಲ್ಕುಲೇಟರ್ ವಾಚ್ ತಂದಾಗ ಅದರ ಕೇಸು ಚಿನ್ನದ್ದು, ಬೆಲೆ ಸಾವಿರಾರು ಡಾಲರ್. ಗುಂಡಿಗಳು ಎಷ್ಟು ಸಣ್ಣವು ಅಂದರೆ ಒತ್ತಲು ಪೆನ್ನಿನ ತುದಿ ಬೇಕಿತ್ತು. ಕೆಂಪು ದೀಪದ ಅಂಕಿಗಳು ಬೇರೆ, ಸಮಯ ನೋಡಲೂ ಗುಂಡಿ ಒತ್ತಬೇಕು. 1980ರಲ್ಲಿ ಕ್ಯಾಸಿಯೊ ಸಿ-80 ಬಂದ ಮೇಲೆ ಇದು ಬೆರಳಲ್ಲೇ ಒತ್ತಬಹುದಾದ, ಸಾಮಾನ್ಯರ ಕೈಗೂ ಎಟುಕುವ ಸಾಮಾನಾಯಿತು.

ನಮ್ಮ ಕಡೆಗೆ ಇದು ಬಂದಿದ್ದು ಗಲ್ಫ್ ದಾರಿಯಲ್ಲಿ. ನನ್ನ ಸೋದರಮಾವ ಎಂಬತ್ತರ ದಶಕದಲ್ಲಿ ಘಟ್ಟ ಇಳಿದು ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯಲ್ಲಿ ಒಂದು ತಂದಿದ್ದರು. ಅಪ್ಪನ ಕೈಯಲ್ಲಿ ಆಗ ಕೀ ಕೊಡುವ ಎಚ್‌ಎಂಟಿ. ಮದುವೆ ಮನೆಯಲ್ಲಿ ಮಕ್ಕಳೆಲ್ಲ ಮಾವನ ಕೈಯನ್ನೇ ಎಳೆಯುತ್ತಿದ್ದೆವು.

ಈಗ ಅಂಗಡಿಗೋ ಆನ್‌ಲೈನಿಗೋ ಹೋದರೆ ಮುಖ್ಯವಾಗಿ ಕಾಣುವುದು ಇವು. ಕ್ಯಾಸಿಯೊ ಸಿಎ-53ಡಬ್ಲ್ಯೂ: ಕಪ್ಪು ಪ್ಲಾಸ್ಟಿಕ್ಕಿನ ಮೂಲ ಮಾದರಿ, ನನ್ನ ಕೈಯಲ್ಲಿರುವುದು ಇದೇ. ಅದೇ ಸಾಮಾನು ಸ್ವಲ್ಪ ಸಿಂಗಾರ ಮಾಡಿಕೊಂಡು ಬಂದರೆ ಸಿಎ-500: ಮೇಲೆ ಬೆಳ್ಳಿಯ ಹೊಳಪು, ಕೆಳಗೆ ಸ್ಟೀಲ್ ಚೈನ್. ಆಮೇಲೆ ಡೇಟಾಬ್ಯಾಂಕ್ ಸಾಲಿನ ಡಿಬಿಸಿ-32 ಮತ್ತು ಡಿಬಿಸಿ-611. ಇವುಗಳಲ್ಲಿ ಕ್ಯಾಲ್ಕುಲೇಟರಿನ ಜೊತೆಗೆ 25 ಜನರ ಹೆಸರು, ಫೋನ್ ನಂಬರ್ ಇಟ್ಟುಕೊಳ್ಳಬಹುದು, ಐದು ಅಲಾರಂ ಇಡಬಹುದು, ಲೈಟೂ ಇದೆ. ಇವುಗಳ ಪಕ್ಕದಲ್ಲೇ ಹೆಸರಿಲ್ಲದ ಕಂಪನಿಗಳ ಅಗ್ಗದ ವಾಚುಗಳೂ ಇರುತ್ತವೆ.

ಹೋಲಿಕೆಗೆ ನಾನು ಇನ್ನೂ ಮೂರನ್ನು ಸೇರಿಸಿಕೊಂಡಿದ್ದೇನೆ, ಯಾಕೆಂದರೆ ನಿಜವಾದ ಪೈಪೋಟಿ ಇರುವುದು ಇವುಗಳ ಜೊತೆಗೆ: ಕ್ಯಾಸಿಯೊದ್ದೇ ಆದ, ಕ್ಯಾಲ್ಕುಲೇಟರ್ ಇಲ್ಲದ ಎಫ್-91ಡಬ್ಲ್ಯೂ, ಯಾವುದಾದರೂ ಸ್ಮಾರ್ಟ್‌ವಾಚ್, ಮತ್ತೆ ನಿಮ್ಮ ಜೇಬಿನ ಮೊಬೈಲ್.

ಲೆಕ್ಕ ಹೇಗೆ ಮಾಡುತ್ತದೆ

ತಗೊಳ್ಳುವ ಮೊದಲು ಇದೊಂದು ಗೊತ್ತಿರಲಿ. ಸಿಎ-53ಡಬ್ಲ್ಯೂನಲ್ಲಿ ಇರುವುದು ಕೂಡು, ಕಳೆ, ಗುಣಿಸು, ಭಾಗಿಸು ಅಷ್ಟೇ. ಶೇಕಡಾ ಗುಂಡಿ ಇಲ್ಲ. ವರ್ಗಮೂಲ ಇಲ್ಲ. ಅಂಗಡಿ ಕ್ಯಾಲ್ಕುಲೇಟರಿನ ಹಾಗೆ ಉತ್ತರವನ್ನು ನೆನಪಿಟ್ಟುಕೊಳ್ಳುವ ಎಂ ಪ್ಲಸ್ ಗುಂಡಿ ಕೂಡ ಇಲ್ಲ.

ಇನ್ನೊಂದು, ಅದು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತಾ ಹೋಗುತ್ತದೆ. ಮೂರು ಚೀಲ 450ರಂತೆ, ಎರಡು ಚೀಲ 320ರಂತೆ ಅಂತಿಟ್ಟುಕೊಳ್ಳಿ. ಮೊಬೈಲಿನಲ್ಲಿ 3 × 450 + 2 × 320 ಅಂತ ಒಟ್ಟಿಗೆ ಒತ್ತಿದರೆ 1,990 ಬರುತ್ತದೆ, ಅದೇ ಸರಿ. ವಾಚಿನಲ್ಲಿ ಹಾಗೇ ಒತ್ತಿದರೆ ಮೊದಲು 1350, ಅದಕ್ಕೆ 2 ಸೇರಿ 1352, ಆಮೇಲೆ ಅದಕ್ಕೆ 320 ಗುಣಿಸಿ 432640! ಇಷ್ಟು ದೊಡ್ಡ ತಪ್ಪಾದರೆ ಪರವಾಗಿಲ್ಲ, ಕಣ್ಣಿಗೆ ಹೊಡೆಯುತ್ತದೆ. ಸಣ್ಣ ತಪ್ಪು ಸದ್ದಿಲ್ಲದೆ ಬಿಲ್ಲಿಗೆ ಹತ್ತುತ್ತದೆ. ಹಾಗಾಗಿ ಒಂದೊಂದು ಗುಣಾಕಾರವನ್ನೂ ಬೇರೆ ಮಾಡಿ, ಉತ್ತರವನ್ನು ಕಾಗದದ ಮೇಲೆ ಬರೆದು, ಆಮೇಲೆ ಕೂಡಬೇಕು. ನಾನು ಸಿಮೆಂಟ್ ಚೀಲದ ಮೇಲೆಯೇ ಬರೆಯುತ್ತೇನೆ.

ಶೇಕಡಾ ಗುಂಡಿ ಇಲ್ಲದಿದ್ದರೂ ಜಿಎಸ್‌ಟಿ ಲೆಕ್ಕ ಸಲೀಸು. 18 ಪರ್ಸೆಂಟ್ ಸೇರಿಸಬೇಕಾ, 1.18 ಗುಣಿಸಿ. ತೆರಿಗೆ ಸೇರಿದ ಬೆಲೆಯಿಂದ ಮೂಲ ಬೆಲೆ ತೆಗೆಯಬೇಕಾ, 1.18ರಿಂದ ಭಾಗಿಸಿ. 2,360 ರೂಪಾಯಿಯ ಸಾಮಾನಿಗೆ ಮೂಲ ಬೆಲೆ 2,000, ತೆರಿಗೆ 360. ತುಂಬ ಜನ 2,360ಕ್ಕೇ 18 ಪರ್ಸೆಂಟ್ ಹಾಕಿ 424.80 ಕಳೆದುಬಿಡುತ್ತಾರೆ. ಅದು ವಾಚಿನ ತಪ್ಪಲ್ಲ ಬಿಡಿ.

ಎಂಟು ಅಂಕಿ ಸಾಕಾ ಅಂತ ಕೇಳುತ್ತಾರೆ. 9,99,99,999ರವರೆಗೆ ಹೋಗುತ್ತದೆ. ಹತ್ತು ಕೋಟಿಗೆ ಒಂದು ರೂಪಾಯಿ ಕಡಿಮೆ. ನಮ್ಮ ವ್ಯಾಪಾರಕ್ಕೆ ಧಾರಾಳವಾಯಿತು! ತೊಂದರೆ ಇರುವುದು ಬೇರೆ ಕಡೆ. ಲಕ್ಷ, ಸಾವಿರ ಬಿಡಿಸಿ ತೋರಿಸುವ ಅಲ್ಪವಿರಾಮ ಅದರಲ್ಲಿ ಇಲ್ಲ. ಕ್ವಿಂಟಲಿಗೆ 48,500ರಂತೆ ಮೂರು ಕ್ವಿಂಟಲ್ 45 ಕೆಜಿ ಅಡಿಕೆ ಅಂದರೆ 48500 × 3.45. ಉತ್ತರ 167325 ಅಂತ ಒಂದೇ ಸಾಲಾಗಿ ನಿಲ್ಲುತ್ತದೆ. ಒಂದು ಲಕ್ಷದ ಅರವತ್ತೇಳು ಸಾವಿರ ಅಂತ ನಾವೇ ಬಲಗಡೆಯಿಂದ ಎಣಿಸಿಕೊಳ್ಳಬೇಕು. ಚಾಳೀಸು ದಾಟಿದ ಕಣ್ಣಿಗೆ, ಸಂಜೆಯ ಬೆಳಕಿನಲ್ಲಿ, ಇದು ಸುಲಭ ಅಲ್ಲ.

ಗುಂಡಿಗಳ ಬಗ್ಗೆ ಎಲ್ಲರಿಗೂ ಭಯ. ನೋಡಲು ಅಕ್ಕಿಕಾಳಿನಷ್ಟು ಕಂಡರೂ ಸಿಎ-53ಡಬ್ಲ್ಯೂನವು ಸ್ವಲ್ಪ ಉಬ್ಬಿಕೊಂಡಿರುತ್ತವೆ. ತೋರುಬೆರಳಿನ ತುದಿಯನ್ನು ನೆಟ್ಟಗೆ ಇಳಿಸಿದರೆ ಪಕ್ಕದ್ದು ಒತ್ತುವುದಿಲ್ಲ. ಎರಡು ದಿನದಲ್ಲಿ ಅಭ್ಯಾಸ ಆಗುತ್ತದೆ. ದಪ್ಪ ಬೆರಳಿನ ನಮ್ಮ ಮೇಸ್ತ್ರಿಯೊಬ್ಬರು ಪೆನ್ಸಿಲ್ಲಿನ ಹಿಂಭಾಗದಲ್ಲಿ ಒತ್ತುತ್ತಾರೆ, ಸರಾಗವಾಗಿ. ಎಡಗೈ ಬಳಸುವವರು ವಾಚನ್ನು ಬಲಗೈಗೆ ಕಟ್ಟಿಕೊಳ್ಳಬೇಕಾಗುತ್ತದೆ, ಇಲ್ಲವಾದರೆ ಲೆಕ್ಕ ಮಾಡುವಾಗಲೆಲ್ಲ ಒದ್ದಾಟ.

ಮೇಜಿನ ಮುಂದೆ ಕೂತು ದಿನಕ್ಕೆ ಐವತ್ತು ಬಿಲ್ಲು ಹಾಕುವವರಿಗೆ ಇದು ಸುಮ್ನೆ ಆಟದ ಸಾಮಾನು. ಅವರಿಗೆ 12 ಅಂಕಿಯ, ಹಿಂದಿನ ಹೆಜ್ಜೆ ತಿರುಗಿಸಿ ನೋಡಬಹುದಾದ ದೊಡ್ಡ ಕ್ಯಾಲ್ಕುಲೇಟರೇ ಸರಿ. ಜಿಎಸ್‌ಟಿ ಗುಂಡಿ ಇರುವವೂ ಬಂದಿವೆ. ನಮ್ಮ ಗಲ್ಲಾದ ಮೇಲೂ ಅದೇ ಇದೆ.

ಬಾಳಿಕೆ: ಮೊದಲು ಕೈಕೊಡುವುದು ಯಾವುದು

ಕ್ಯಾಲ್ಕುಲೇಟರ್ ವಾಚ್ ಅಂದಕೂಡಲೇ "ಆ ಗುಂಡಿಗಳು ಬೇಗ ಹಾಳಾಗುತ್ತವೆ ಅಲ್ವಾ" ಅನ್ನುತ್ತಾರೆ. ನನ್ನ ಅನುಭವದಲ್ಲಿ ಗುಂಡಿ ಕೊನೆಗೆ ಹೋಗುವ ಭಾಗ. ಮೊದಲು ಹೋಗುವುದು ಬೆಲ್ಟು.

ಈ ಪ್ಲಾಸ್ಟಿಕ್ ಬೆಲ್ಟು ಬೆವರು, ಸೆಕೆ, ತೇವಕ್ಕೆ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಬಿರುಕು ಶುರುವಾಗುವುದು ಎರಡು ಜಾಗದಲ್ಲಿ: ನೀವು ದಿನಾ ಕೊಂಡಿ ಹಾಕುವ ತೂತು, ಮತ್ತೆ ವಾಚಿಗೆ ಬೆಲ್ಟು ಸೇರುವ ಪಿನ್ನಿನ ಪಕ್ಕ. ತೂತಿನ ಹತ್ತಿರ ಬಿಟ್ಟರೆ ಪಕ್ಕದ ತೂತಿಗೆ ಹಾಕಿ ಇನ್ನೊಂದಿಷ್ಟು ತಿಂಗಳು ನೂಕಬಹುದು. ಪಿನ್ನಿನ ಪಕ್ಕ ಬಿಟ್ಟರೆ ಒಂದು ದಿನ ವಾಚು ಬಾವಿಯ ಕಟ್ಟೆಯ ಮೇಲೋ, ಬಾವಿಯೊಳಗೋ. ನನ್ನದು ಮೊದಲ ಸಲ ನಾಲ್ಕನೇ ವರ್ಷಕ್ಕೆ ಬಿಟ್ಟಿತು. ವಾರಕ್ಕೊಮ್ಮೆ ಸಾದಾ ನೀರಿನಲ್ಲಿ ತೊಳೆದು ಒರೆಸಿದರೆ ಸ್ವಲ್ಪ ಜಾಸ್ತಿ ದಿನ ಬರುತ್ತದೆ. ಸೊಳ್ಳೆಗೆ, ಉಂಬಳಕ್ಕೆ ಹಚ್ಚುವ ಕ್ರೀಮು ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ. ಅದರಲ್ಲಿರುವ ಡೀಟ್ ಅನ್ನುವ ರಾಸಾಯನಿಕ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಮಸುಕುಗೊಳಿಸುತ್ತದೆ. ತೋಟಕ್ಕೆ ಹೋಗುವವರು ಕ್ರೀಮು ಹಚ್ಚುವ ಮುಂಚೆ ವಾಚು ಬಿಚ್ಚಿಡಿ.

ಸಿಎ-500ರ ಸ್ಟೀಲ್ ಚೈನಿಗೆ ಈ ಕಾಟ ಇಲ್ಲ. ಅದರ ಕಾಟವೇ ಬೇರೆ. ಕೇಸು ಮಾತ್ರ ಪ್ಲಾಸ್ಟಿಕ್ಕೇ, ಮೇಲೆ ಲೋಹದ ಲೇಪ. ಕಲ್ಲು, ಗೋಡೆ, ಕಬ್ಬಿಣಕ್ಕೆ ಉಜ್ಜಿದಲ್ಲಿ ಆ ಹೊಳಪು ಎದ್ದುಬಿಡುತ್ತದೆ. ಕಪ್ಪು ಪ್ಲಾಸ್ಟಿಕ್ಕಿನ ಮೇಲಿನ ಗೀರು ಒಂದು ವರ್ಷವಾದರೆ ಕಾಣುವುದೇ ಇಲ್ಲ. ಬೆಳ್ಳಿಯ ಮೇಲಿನ ಗೀರು ದಿನಾ ಕಾಣುತ್ತದೆ. ಆಫೀಸಿಗೆ, ಮದುವೆಗೆ ಹಾಕುವವರಿಗೆ ಸಿಎ-500 ಚೆಂದ. ಸೈಟಿಗೆ ಬೇಡ.

ಗ್ಲಾಸು ಅನ್ನುತ್ತೇವೆ, ಅದೂ ಪ್ಲಾಸ್ಟಿಕ್ಕೇ. ಬೇಗ ಗೀರು ಬೀಳುತ್ತದೆ, ಆದರೆ ಚೂರಾಗುವುದಿಲ್ಲ. ಒಂದು ಉಪಾಯ ಹೇಳುತ್ತೇನೆ. ಬಿಳಿ ಟೂತ್‌ಪೇಸ್ಟನ್ನು ಹತ್ತಿಬಟ್ಟೆಗೆ ಹಚ್ಚಿ, ಹತ್ತು ನಿಮಿಷ ಸಣ್ಣಗೆ ಸುತ್ತಿಸುತ್ತಾ ಉಜ್ಜಿ. ಗುಂಡಿಗಳ ಸಂದಿಗೆ ಪೇಸ್ಟು ಹೋಗದ ಹಾಗೆ ಕೆಳಗಡೆ ಟೇಪು ಅಂಟಿಸಿಕೊಳ್ಳಿ. ಸಣ್ಣ ಗೀರೆಲ್ಲ ಹೋಗುತ್ತದೆ. ಆಳದ ಗೀರು ಹೋಗದು. ನಿಜವಾದ ಗಾಜಿನ ವಾಚಿಗೆ ಈ ಉಪಾಯ ನಡೆಯುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ವಾಚಿನ ಬೆನ್ನು ಓದಬೇಕು. ಬರೀ 'ವಾಟರ್ ರೆಸಿಸ್ಟ್' ಅಂತಿದ್ದು ಪಕ್ಕದಲ್ಲಿ ಅಂಕಿ ಇಲ್ಲದಿದ್ದರೆ ಕೈ ತೊಳೆಯುವುದು, ಮಳೆ ಹನಿ ಅಷ್ಟಕ್ಕೇ ಸೈ. 50 ಮೀಟರ್ ಅಂತಿದ್ದರೆ ಈಜಬಹುದು. ಐವತ್ತು ಮೀಟರ್ ಆಳಕ್ಕೆ ಇಳಿಯಬಹುದು ಅಂತ ಅರ್ಥ ಅಲ್ಲ. ಅದು ಅಲುಗಾಡದ ನೀರಿನ ಒತ್ತಡದಲ್ಲಿ ಮಾಡಿದ ಪರೀಕ್ಷೆಯ ಅಂಕಿ. ಇನ್ನು ಕ್ಯಾಲ್ಕುಲೇಟರ್ ವಾಚಿನಲ್ಲಿ ಗುಂಡಿಗಳೇ ಹದಿನಾರು. ಅಷ್ಟೂ ಕಡೆ ನೀರು ಒಳಗೆ ಹೋಗದಂತೆ ತಡೆಯಬೇಕು. ಹಾಗಾಗಿ ನನ್ನ ನಿಯಮ ಇಷ್ಟು: ಮಳೆಯಲ್ಲಿ ಹಾಕುತ್ತೇನೆ, ಕೈ ಒದ್ದೆಯಿದ್ದಾಗ ಲೆಕ್ಕವನ್ನೂ ಮಾಡುತ್ತೇನೆ, ಆದರೆ ಹೊಳೆಗೆ ಇಳಿಯುವಾಗ ಬಿಚ್ಚಿಡುತ್ತೇನೆ. ನೀರೊಳಗೆ ಗುಂಡಿ ಒತ್ತುವ ಮಾತೇ ಇಲ್ಲ. ಈಜು, ಮೀನು ಶಿಕಾರಿ ಅಂತ ನೀರಲ್ಲೇ ಇರುವವರು ಕ್ಯಾಲ್ಕುಲೇಟರಿನ ಆಸೆ ಬಿಟ್ಟು 200 ಮೀಟರಿನ ಜಿ-ಶಾಕ್ ಕಡೆ ನೋಡಿ. 1983ರಿಂದ ಅದನ್ನು ಮಾಡುತ್ತಿರುವುದೇ ಬಿದ್ದರೂ ಒಡೆಯಬಾರದು ಅಂತ.

ಸಿಎ-53ಡಬ್ಲ್ಯೂ ಬಿದ್ದರೆ? ತೂಕ ಸುಮಾರು 24 ಗ್ರಾಂ. ಏಣಿಯ ಮೇಲಿಂದ ಎರಡು ಸಲ ಬೀಳಿಸಿದ್ದೇನೆ. ಅಷ್ಟು ಹಗುರದ ಸಾಮಾನಿಗೆ ಬೀಳುವ ಪೆಟ್ಟೂ ಕಡಿಮೆಯೇ.

ಸೆಲ್ ಬದಲಿಸುವಾಗಿನ ಪಜೀತಿ

ಸಿಎ-53ಡಬ್ಲ್ಯೂನ ಸೆಲ್ ಐದು ವರ್ಷ ಬರುತ್ತದೆ ಅನ್ನುತ್ತದೆ ಕ್ಯಾಸಿಯೊ ಕಂಪನಿ. ಡಿಬಿಸಿ-32ಕ್ಕೆ ಹತ್ತು ವರ್ಷ. ಎಫ್-91ಡಬ್ಲ್ಯೂಗೆ ಏಳು. ಅಲಾರಂ ಎಷ್ಟು ಹೊಡೆಯುತ್ತದೆ, ಲೈಟ್ ಎಷ್ಟು ಹಾಕುತ್ತೀರಿ ಅನ್ನುವುದರ ಮೇಲೆ ಇದು ಹಿಂದೆ ಮುಂದೆ ಆಗುತ್ತದೆ.

ಸಿಎ-53ಡಬ್ಲ್ಯೂಗೆ ಹಾಕುವುದು ಸಿಆರ್2016 ಸೆಲ್. ಹೆಸರಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ದಪ್ಪ. ಅಂಗಡಿಯವರು "2025 ಇದೆ, ನಡೀತದೆ" ಅಂದರೆ ಒಪ್ಪಬೇಡಿ. ಅದು 2.5 ಮಿಲಿಮೀಟರ್ ದಪ್ಪ. ಮುಚ್ಚಳ ಕೂರುವುದಿಲ್ಲ, ಒತ್ತಿ ಕೂರಿಸಿದರೆ ನೀರಿಗೆ ದಾರಿ ಆಗುತ್ತದೆ.

ಬೆನ್ನಿಗೆ ನಾಲ್ಕು ಸಣ್ಣ ಸ್ಕ್ರೂ. ಅದರಡಿ ತೆಳುವಾದ ರಬ್ಬರ್ ರಿಂಗ್. ಈ ರಿಂಗ್ ತನ್ನ ಕಾಲುವೆಯಲ್ಲಿ ಸರಿಯಾಗಿ ಕೂತಿದೆಯಾ ಅಂತ ನೋಡುವುದು ಸೆಲ್ಲಿಗಿಂತ ಮುಖ್ಯ. ಇನ್ನೊಂದು ಸಣ್ಣ ವಸ್ತು ಒಳಗಿದೆ, ಅದನ್ನು ನಾನು ಕಳೆದುಕೊಂಡೇ ಕಲಿತೆ. ಒಮ್ಮೆ ಒಂದು ರಿಪೇರಿ ಅಂಗಡಿಯಲ್ಲಿ ಸೆಲ್ ಹಾಕಿಸಿದೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ತಾಸಿಗೊಮ್ಮೆ ಬರುತ್ತಿದ್ದ ಬೀಪ್ ಇಲ್ಲ. ಅಲಾರಂ ಕೂಡ ಮೂಕ. ಸದ್ದು ಮಾಡುವ ಬಿಲ್ಲೆ ಇರುವುದು ಹಿಂದಿನ ಮುಚ್ಚಳದಲ್ಲಿ. ಅದಕ್ಕೆ ಕರೆಂಟ್ ಮುಟ್ಟಿಸುವುದು ಸಾಸಿವೆ ಕಾಳಿನಷ್ಟು ಉದ್ದದ ಒಂದು ಸ್ಪ್ರಿಂಗ್. ಮುಚ್ಚಳ ಮಗುಚಿದಾಗ ಅದು ಉದುರಿತ್ತು. ವಾಪಸ್ ಹೋಗಿ ಕೇಳಿದರೆ ಬೆಳಗಿನ ಕಸ ಗುಡಿಸಿಯಾಗಿತ್ತು.

ಆವತ್ತಿಂದ ನಾನೇ ಬದಲಿಸುತ್ತೇನೆ, ಬಿಳಿ ಬಟ್ಟೆ ಹಾಸಿಕೊಂಡು. ಹೊಸ ಸೆಲ್ ಹಾಕಿದ ಮೇಲೂ ಅಂಕಿ ಬರದಿದ್ದರೆ ಗಾಬರಿ ಬೇಡ. ಒಳಗೆ 'ಎಸಿ' ಅಂತ ಬರೆದ ಒಂದು ಚುಕ್ಕಿ ಇದೆ. ಚಿಮುಟದ ಒಂದು ತುದಿಯನ್ನು ಅದಕ್ಕೆ, ಇನ್ನೊಂದನ್ನು ಸೆಲ್ಲಿನ ಮೇಲ್ಭಾಗಕ್ಕೆ ಎರಡು ಸೆಕೆಂಡ್ ಮುಟ್ಟಿಸಿದರೆ ಎಚ್ಚರ ಆಗುತ್ತದೆ. ಡೇಟಾಬ್ಯಾಂಕ್ ಇಟ್ಟುಕೊಂಡವರು ಇದಕ್ಕೆ ಮೊದಲು 25 ನಂಬರನ್ನೂ ಬರೆದಿಟ್ಟುಕೊಳ್ಳಿ, ಸೆಲ್ ತೆಗೆದರೆ ಎಲ್ಲ ಅಳಿಸಿಹೋಗುತ್ತದೆ.

ಅಪ್ಪನ ಎಚ್‌ಎಂಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ರಿಪೇರಿಯದ್ದು. 1961ರಲ್ಲಿ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ ಎಚ್‌ಎಂಟಿಯ ಆ ಕಾರ್ಖಾನೆ ಮುಚ್ಚಿ ವರ್ಷಗಳಾದವು. ಆದರೂ ಅದರ ಕೀ ವಾಚನ್ನು ಬಿಚ್ಚಿ, ಎಣ್ಣೆ ಹಾಕಿ ಕೊಡುವವರು ಊರಲ್ಲಿ ಈಗಲೂ ಇದ್ದಾರೆ. ಡಿಜಿಟಲ್ ವಾಚಿನ ಒಳಗಿನ ಬೋರ್ಡು ಹೋದರೆ ರಿಪೇರಿ ಇಲ್ಲ, ಹೊಸದೇ. ಆದರೆ ಅಂಕಿಯ ಒಂದೊಂದು ಗೆರೆ ಕಾಣದೆ ಹೋದರೆ ಮಾತ್ರ ಒಮ್ಮೆ ಬಿಚ್ಚಿ ನೋಡಬಹುದು. ಬೋರ್ಡಿಗೂ ಪರದೆಗೂ ನಡುವೆ ಕರೆಂಟ್ ಸಾಗಿಸುವ ಒಂದು ರಬ್ಬರ್ ಪಟ್ಟಿ ಇರುತ್ತದೆ. ಅದಕ್ಕೆ ಧೂಳು, ತೇವ ಕೂತರೆ ಗೆರೆ ಮಾಯ. ಒರೆಸಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಈ ಗೆರೆಯ ವಿಷಯ ಕ್ಯಾಲ್ಕುಲೇಟರ್ ವಾಚಿನಲ್ಲಿ ತಮಾಷೆಯಲ್ಲ. ಬಲಗಡೆಯ ಮೇಲಿನ ಗೆರೆ ಹೋದರೆ 8 ಅನ್ನುವುದು 6 ಆಗಿ ಕಾಣುತ್ತದೆ. ನಡುವಿನದು ಹೋದರೆ ಸೊನ್ನೆ. ಸಮಯ ತಪ್ಪು ಕಂಡರೆ ಒಂದು ಬಸ್ಸು ತಪ್ಪುತ್ತದೆ, ಅಷ್ಟೇ. ಬಿಲ್ಲಿನಲ್ಲಿ 8 ಹೋಗಿ 6 ಆದರೆ ಯಾರ ಕೈಯಿಂದ ಹೋಗುತ್ತದೆ ಹೇಳಿ!

ಕತ್ತಲು ಮತ್ತು ಫೆಬ್ರವರಿ

ಸಿಎ-53ಡಬ್ಲ್ಯೂನಲ್ಲಿ ಲೈಟ್ ಇಲ್ಲ. ಇದನ್ನು ದೊಡ್ಡಕ್ಷರದಲ್ಲಿ ಬರೆಯಬೇಕು, ಯಾಕೆಂದರೆ ತಗೊಂಡ ಮೇಲೆ ಬೈಯುವವರೆಲ್ಲ ಬೈಯುವುದು ಇದಕ್ಕೇ. ರಾತ್ರಿ ಎಚ್ಚರವಾದರೆ ಸಮಯ ನೋಡಲು ಮೊಬೈಲನ್ನೇ ಹುಡುಕಬೇಕು. ಕರೆಂಟ್ ಹೋದ ಗೋದಾಮಿನಲ್ಲಿ ವಾಚು ಇದ್ದೂ ಇಲ್ಲದ ಹಾಗೆ. ಅಗ್ಗದ ಎಫ್-91ಡಬ್ಲ್ಯೂನಲ್ಲಿ ಕೂಡ ಮಿಣುಕು ಹಸಿರು ದೀಪ ಇದೆ! ಲೈಟು ಬೇಕೇ ಬೇಕು ಅನ್ನುವವರು ಡೇಟಾಬ್ಯಾಂಕಿಗೆ ಹೋಗಿ.

ಕ್ಯಾಲೆಂಡರಿನಲ್ಲೂ ಹಾಗೇ. ಸಿಎ-53ಡಬ್ಲ್ಯೂಗೆ ವರ್ಷ ಯಾವುದು ಅಂತ ಗೊತ್ತಿಲ್ಲ. ಫೆಬ್ರವರಿ ಅಂದರೆ 28 ದಿನ, ಮುಗಿಯಿತು. 2028ರ ಫೆಬ್ರವರಿ 29ರಂದು ಅದು ಮಾರ್ಚ್ 1 ಅನ್ನುತ್ತದೆ, ನಾವು ತಿದ್ದಬೇಕು. ನಾಲ್ಕು ವರ್ಷಕ್ಕೊಮ್ಮೆ ತಾನೇ, ನಾನು ತಲೆ ಕೆಡಿಸಿಕೊಂಡಿಲ್ಲ. ಡೇಟಾಬ್ಯಾಂಕುಗಳಲ್ಲಿ ಪೂರ್ತಿ ಕ್ಯಾಲೆಂಡರ್ ಇದೆ, ವಾರದ ಹೆಸರನ್ನು 13 ಭಾಷೆಯಲ್ಲಿ ತೋರಿಸುವುದೂ ಇದೆ. ಪೋಲಿಷ್ ಇದೆ, ಡ್ಯಾನಿಷ್ ಇದೆ. ಕನ್ನಡ ಇಲ್ಲ. ಹಿಂದಿಯೂ ಇಲ್ಲ, ಹಾಗಾಗಿ ಜಗಳಕ್ಕೆ ಕಾರಣ ಇಲ್ಲ.

ಸಮಯದ ಮಟ್ಟಿಗೆ ಎಲ್ಲವೂ ಒಂದೇ. ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕವೇ ಎಲ್ಲದರ ಒಳಗೂ. ಸಿಎ-53ಡಬ್ಲ್ಯೂಗೆ ತಿಂಗಳಿಗೆ 30 ಸೆಕೆಂಡಿನವರೆಗೆ ಹಿಂದೆ ಮುಂದೆ ಅಂತ ಕಂಪನಿಯೇ ಹೇಳುತ್ತದೆ.

ಮೊಬೈಲ್ ಇರುವಾಗ ಯಾಕೆ?

ನ್ಯಾಯವಾದ ಪ್ರಶ್ನೆ. ಲೆಕ್ಕದ ಸಾಮರ್ಥ್ಯದಲ್ಲಿ ಮೊಬೈಲ್ ಗೆಲ್ಲುತ್ತದೆ, ಅನುಮಾನವೇ ಇಲ್ಲ. ಕೈ ಒಣಗಿದೆ, ಜೇಬು ಹತ್ತಿರದಲ್ಲಿದೆ ಅಂದರೆ ಮೊಬೈಲೇ ಸಾಕು. ನನಗೆ ಆಗುವ ತೊಂದರೆ ಬೇರೆ. ಒಂದು ಗುಣಾಕಾರಕ್ಕೆ ಮೊಬೈಲ್ ತೆಗೆದರೆ ಮೂರು ಮೆಸೇಜು ಕಾಣುತ್ತವೆ. ಒಂದಕ್ಕೆ ಉತ್ತರ ಕೊಡುವಷ್ಟರಲ್ಲಿ ಅಳತೆ ಮರೆತು, ಮತ್ತೆ ಟೇಪು ಹಿಡಿಯಬೇಕು.

ಸ್ಮಾರ್ಟ್‌ವಾಚ್ ನಾನು ಒಂದು ವರ್ಷ ಹಾಕಿದ್ದೆ. ಕ್ಯಾಲ್ಕುಲೇಟರ್ ಅದರಲ್ಲೂ ಇತ್ತು. ಒದ್ದೆ ಬೆರಳಿಗೆ ಪರದೆ ಓಗೊಡದು, ಓಗೊಟ್ಟರೆ 5 ಒತ್ತಿದ್ದು 8 ಆಗುತ್ತದೆ. ಉಬ್ಬು ಗುಂಡಿಯಾದರೆ ಒತ್ತಿದ್ದು ಬೆರಳಿಗೇ ಗೊತ್ತಾಗುತ್ತದೆ. ಎರಡನೆಯದು ಚಾರ್ಜಿಂಗ್. ನಮ್ಮಲ್ಲಿ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ್ದೂ ಇದೆ. ಅದರ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ, ಬದಲಿಸುವುದು ಸುಲಭವಲ್ಲ. ನಡಿಗೆ, ಎದೆಬಡಿತ, ನಿದ್ದೆ ಎಲ್ಲ ನೋಡಬೇಕು ಅನ್ನುವವರು ಅದನ್ನೇ ತಗೊಳ್ಳಿ, ಆ ಕೆಲಸ ಸಿಎ-53ಡಬ್ಲ್ಯೂ ಮಾಡುವುದಿಲ್ಲ. ಲೆಕ್ಕಕ್ಕೆ ಅಂತ ತಗೊಳ್ಳಬೇಡಿ.

ಅಗ್ಗದ್ದು, ನಕಲಿ

ಹೆಸರಿಲ್ಲದ ಕ್ಯಾಲ್ಕುಲೇಟರ್ ವಾಚುಗಳು ಆಟಕ್ಕೆ ಸರಿ. ಅದರ ಗುಂಡಿಗಳು ಕೆಲವೇ ತಿಂಗಳಲ್ಲಿ ಮೊಂಡಾಗಿದ್ದನ್ನು ನೋಡಿದ್ದೇನೆ. ಕ್ಯಾಸಿಯೊ ಹೆಸರಿನಲ್ಲೇ ನಕಲಿ ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಎಫ್-91ಡಬ್ಲ್ಯೂನಲ್ಲಿ ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಪರದೆಯಲ್ಲಿ ಕ್ಯಾಸಿಯೊ ಅಂತ ಬರಬೇಕು ಅನ್ನುವ ಪರೀಕ್ಷೆ ಪ್ರಸಿದ್ಧ. ಈಗ ಕೆಲವು ನಕಲಿಗಳೂ ಅದನ್ನು ಕಲಿತಿವೆ. ಬಿಲ್ಲು, ವಾರಂಟಿ ಕೊಡುವ ಕಡೆ ತಗೊಳ್ಳುವುದೇ ಕ್ಷೇಮ.

ಅಂಗಡಿಯಲ್ಲಾದರೆ ಹೀಗೆ ಮಾಡಿ. ಕ್ಯಾಲ್ಕುಲೇಟರಿಗೆ ಹೋಗಿ 88888888 ಒತ್ತಿ. ಎಂಟೂ ಎಂಟು ಪೂರ್ತಿ ಕಾಣಬೇಕು. ಆಮೇಲೆ 12345679 × 9 ಒತ್ತಿ. ಉತ್ತರ ಒಂಬತ್ತು ಒಂದುಗಳು, ಎಂಟು ಅಂಕಿಯಲ್ಲಿ ಹಿಡಿಸುವುದಿಲ್ಲ, ವಾಚು ತಪ್ಪು ಅಂತ ತೋರಿಸಬೇಕು. ಈ ನೆಪದಲ್ಲಿ ಸೊನ್ನೆ ಬಿಟ್ಟು ಅಂಕಿಯ ಗುಂಡಿಗಳನ್ನೆಲ್ಲ ಒತ್ತಿ ನೋಡಿದಂತಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕೈ ಒದ್ದೆ, ಕೈ ಧೂಳು, ದಿನಕ್ಕೆ ಐದಾರು ಸಣ್ಣ ಲೆಕ್ಕ, ಕೆಲಸ ಹಗಲಲ್ಲಿ. ಮೇಸ್ತ್ರಿ, ಬಡಗಿ, ಪ್ಲಂಬರ್, ಸಂತೆಯಲ್ಲಿ ತರಕಾರಿ ಮಾರುವವರು, ಅಡಿಕೆ ತೂಕಕ್ಕೆ ನಿಲ್ಲುವವರು. ಇವರಿಗೆ ಸಿಎ-53ಡಬ್ಲ್ಯೂ, ಕಣ್ಣು ಮುಚ್ಚಿ.

ರಾತ್ರಿ ಪಾಳಿ ಇದೆ, ಮಾತ್ರೆಗೆ ನಾಲ್ಕೈದು ಅಲಾರಂ ಬೇಕು ಅಂದರೆ ಡಿಬಿಸಿ-32. ಸ್ವಲ್ಪ ದಪ್ಪ, ದುಡ್ಡೂ ಜಾಸ್ತಿ, ಆದರೆ ಹತ್ತು ವರ್ಷದ ಸೆಲ್. ಡಿಬಿಸಿ-611 ನೋಡಲು ಚೆಂದ, ಸಣ್ಣ ಮಣಿಕಟ್ಟಿಗೆ ಕೂರುತ್ತದೆ. ಅದರ ಸೆಲ್ ಸಣ್ಣದು, ಅಷ್ಟು ಕಾಲ ಬರುವುದಿಲ್ಲ. 25 ನಂಬರಿನ ಸೌಲಭ್ಯಕ್ಕೆ ಮರುಳಾಗಿ ಯಾವುದನ್ನೂ ತಗೊಳ್ಳಬೇಡಿ. ಆ ಗುಂಡಿಗಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಹೆಸರು ಬರೆಯುವ ತಾಳ್ಮೆ ಎರಡನೇ ಹೆಸರಿಗೇ ಮುಗಿಯುತ್ತದೆ. ಆದರೂ ಮನೆಯ ಎರಡು ನಂಬರ್ ಅದರಲ್ಲಿ ಇಟ್ಟುಕೊಳ್ಳಿ, ಮೊಬೈಲ್ ಸತ್ತ ದಿನಕ್ಕೆ ಬೇಕಾಗುತ್ತದೆ.

ಲೆಕ್ಕ ಅಪರೂಪ, ಗಟ್ಟಿ ವಾಚು ಬೇಕು ಅಷ್ಟೇ ಅನ್ನುವವರೇ ಜಾಸ್ತಿ. ನಾನು ಬೇಡ ಅನ್ನುವುದು ಇವರಿಗೇ. ಎಫ್-91ಡಬ್ಲ್ಯೂ ತಗೊಂಡು ಉಳಿದ ದುಡ್ಡಲ್ಲಿ ಒಂದು ಬೆಲ್ಟು ತೆಗೆದಿಡಿ.

ಓದುವ ಮಕ್ಕಳಿಗೆ ಅಂತ ಕೇಳುವ ಅಪ್ಪಂದಿರಿಗೂ ಬೇಡ ಅನ್ನುತ್ತೇನೆ. ಪರೀಕ್ಷೆಯ ಕೋಣೆಗೆ ಕ್ಯಾಲ್ಕುಲೇಟರ್ ವಾಚನ್ನು ಬಿಡುವುದಿಲ್ಲ. ನೀಟ್‌ನಲ್ಲಂತೂ ಯಾವ ವಾಚೂ ಒಳಗೆ ಹೋಗುವಂತಿಲ್ಲ. ಗೇಟಿನಲ್ಲಿ ಬಿಚ್ಚಿಕೊಡು ಅಂದಾಗ ಹುಡುಗನ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ.

ಮೊನ್ನೆ ಮಾವನ ಹಳೇ ವಾಚು ಕಪಾಟಿನಲ್ಲಿ ಸಿಕ್ಕಿತು. ಬೆಲ್ಟು ಮುಟ್ಟಿದರೆ ಪುಡಿ. ಹೊಸ ಸೆಲ್ ಹಾಕಿ, ಎಸಿ ಚುಕ್ಕಿ ಮುಟ್ಟಿಸಿದೆ. ಎದ್ದಿತು! ಎಂಟು ಎಂಟು ಒತ್ತಿದೆ. ಎಡಗಡೆಯಿಂದ ಮೂರನೆಯದು ಮಾತ್ರ 6 ಅಂತ ತೋರಿಸುತ್ತಿತ್ತು. ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು. "ಅದು ಮೊದಲಿಂದಲೂ ಹಾಂಗೇ ಇತ್ತೋ ತಮ್ಮಾ," ಅಂದರು. "ಅದಕ್ಕೇ ನಾ ಬಾಯಿಲೆಕ್ಕ ಬಿಡಲೇ ಇಲ್ಲೆ."